ಒಳ್ಳೆಯವರ ಸಹಿ

ಎರಡು ಮಹಾಯುದ್ಧಗಳ ನಡುವಿನ ಯುರೋಪಿನ ಬಗ್ಗೆ ಓದುವಾಗ ಒಂದು ಕ್ರಿಯಾಪದ ಮತ್ತೆ ಮತ್ತೆ ಎದುರಾಗುತ್ತದೆ: ಕಸಿದುಕೊಳ್ಳುವುದು. ಮುಸೊಲಿನಿ ಅಧಿಕಾರ ಕಸಿದುಕೊಂಡ, ಹಿಟ್ಲರ್ ಅಧಿಕಾರ ಕಸಿದುಕೊಂಡ. ಪಿಎಚ್.ಡಿ. ಕೆಲಸಕ್ಕಾಗಿ ಆ ಎರಡು ದಶಕಗಳ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಈ ಪದದ ಮೇಲೆ ಅನುಮಾನ ಬೆಳೆದಿದೆ. ಕಸಿದುಕೊಳ್ಳಬೇಕಾದರೆ ಎದುರಿಗೆ ಕೊಡಲೊಲ್ಲೆ ಎಂದು ಗಟ್ಟಿಯಾಗಿ ಹಿಡಿದುಕೊಂಡವನೊಬ್ಬ ಇರಬೇಕು. ಆ ದಿನಗಳಲ್ಲಿ ಹಾಗೆ ಹಿಡಿದುಕೊಂಡವರು ಎಷ್ಟು ಮಂದಿ ಎಂದು ಹುಡುಕಿದರೆ ಸಿಗುವುದು ಬೆರಳೆಣಿಕೆ. ಉಳಿದವರು ಕೊಟ್ಟರು. ಕೊಡುವಾಗ ಪ್ರತಿಯೊಬ್ಬರ ಬಳಿಯೂ ಒಂದು ಕಾರಣವಿತ್ತು, ಎಷ್ಟೋ ಸಲ ಒಳ್ಳೆಯ ಕಾರಣವೇ ಇತ್ತು. ಈ ಲೇಖನದ ಪ್ರಶ್ನೆ ಆ ಒಳ್ಳೆಯ ಕಾರಣಗಳನ್ನು ಕುರಿತದ್ದು.

1922ರ ಅಕ್ಟೋಬರ್ ಕೊನೆಯ ವಾರವನ್ನು ತೆಗೆದುಕೊಳ್ಳೋಣ. ಕರಿ ಅಂಗಿಯ ಫ್ಯಾಸಿಸ್ಟ್ ಪಡೆಗಳು ರೋಮ್ ಕಡೆಗೆ ಹೊರಟಿದ್ದವು. ಪ್ರಧಾನಿ ಲುಯಿಜಿ ಫಾಕ್ತಾ ಸೇನೆಗೆ ಅಧಿಕಾರ ಕೊಡುವ ತುರ್ತು ಆಜ್ಞೆಯೊಂದನ್ನು ಸಿದ್ಧಪಡಿಸಿ ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್‌ನ ಮುಂದಿಟ್ಟ. ದೊರೆ ಸಹಿ ಹಾಕಲಿಲ್ಲ. ರಕ್ತಪಾತ ತಪ್ಪಿಸಲು ಹಾಗೆ ಮಾಡಿದೆ ಎಂದು ಆಮೇಲೆ ಹೇಳಿಕೊಂಡ. ಈ 'ದಂಡಯಾತ್ರೆ'ಯ ನಾಯಕ ಮುಸೊಲಿನಿ ಆಗ ಮಿಲಾನ್ ನಗರದಲ್ಲಿದ್ದ. ದೊರೆಯ ಕರೆ ಬಂದ ಮೇಲೆ ರಾತ್ರಿ ರೈಲು ಹತ್ತಿ 30ನೇ ತಾರೀಕು ಬೆಳಿಗ್ಗೆ ರೋಮ್‌ನಲ್ಲಿ ಇಳಿದ. ಕೋಟೆಯ ಬಾಗಿಲು ಒಡೆಯುವ ಪ್ರಮೇಯವೇ ಬರಲಿಲ್ಲ, ಒಳಗಿನವರೇ ಚಿಲಕ ತೆಗೆದಿದ್ದರು.

ಆಮೇಲಿನ ಲೆಕ್ಕ ಇನ್ನೂ ವಿಚಿತ್ರ. 535 ಸದಸ್ಯರ ಸಂಸತ್ತಿನಲ್ಲಿ 1921ರ ಚುನಾವಣೆಯಲ್ಲಿ ಫ್ಯಾಸಿಸ್ಟರಿಗೆ ಸಿಕ್ಕಿದ್ದು 35 ಸ್ಥಾನ. ಆದರೂ ನವೆಂಬರ್‌ನಲ್ಲಿ ಮುಸೊಲಿನಿ ವಿಶ್ವಾಸಮತ ಕೇಳಿದಾಗ ಪರವಾಗಿ ಬಿದ್ದ ಮತಗಳು 306, ವಿರೋಧವಾಗಿ 116. ಉಳಿದ ಮತಗಳಲ್ಲಿ ಹೆಚ್ಚಿನವು ಉದಾರವಾದಿಗಳದು, ಕ್ಯಾಥೊಲಿಕ್ ಪಕ್ಷದವರದು, ಹಳೆಯ ಮುತ್ಸದ್ದಿಗಳದು. ಅವರಲ್ಲಿ ಹಿಂದೆ ಪ್ರಧಾನಿಗಳಾಗಿದ್ದವರೂ ಇದ್ದರು. ಜವಾಬ್ದಾರಿ ಹೆಗಲಿಗೆ ಬಿದ್ದರೆ ಮನುಷ್ಯ ಮೆತ್ತಗಾಗುತ್ತಾನೆ, ಬೀದಿ ಗಲಾಟೆ ನಿಂತರೆ ಸಾಕು, ಆಮೇಲೆ ಇವನನ್ನು ನಾವೇ ಪಳಗಿಸಬಹುದು ಎಂಬುದು ಅವರ ಲೆಕ್ಕಾಚಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ನಮ್ಮ ಗಾದೆ ಅವರಿಗೆ ಗೊತ್ತಿರಲಿಲ್ಲ.

1924ರ ಜೂನ್‌ನಲ್ಲಿ ಸಮಾಜವಾದಿ ಸಂಸದ ಜಾಕೊಮೊ ಮತ್ತೆಯೊತ್ತಿಯನ್ನು ಹಾಡಹಗಲೇ ಅಪಹರಿಸಿ ಕೊಂದರು. ಚುನಾವಣೆಯಲ್ಲಿ ನಡೆದ ಹಿಂಸೆಯನ್ನು ಸಂಸತ್ತಿನಲ್ಲಿ ಎತ್ತಿ ಆಡಿದ್ದೇ ಆತನ ಅಪರಾಧ. ಇಡೀ ದೇಶ ಕದಲಿತು. ಅದೇ ತಿಂಗಳು ಸೆನೆಟ್‌ನಲ್ಲಿ ಸರ್ಕಾರದ ಪರವಾಗಿ ಮತ ಹಾಕಿದವರಲ್ಲಿ ತತ್ತ್ವಜ್ಞಾನಿ ಬೆನೆದೆತ್ತೊ ಕ್ರೋಚೆಯೂ ಒಬ್ಬರು. ಮರುವರ್ಷವೇ ಫ್ಯಾಸಿಸಂ ವಿರೋಧಿ ಲೇಖಕರ ಪ್ರಣಾಳಿಕೆ ಬರೆದು, ಮುಂದಿನ ಎರಡು ದಶಕ ಇಟಲಿಯ ವಿರೋಧದ ದನಿಯಾಗಿ ನಿಂತವರೂ ಅದೇ ಕ್ರೋಚೆ. 1925ರ ಜನವರಿ 3ರಂದು ಮುಸೊಲಿನಿ ಸಂಸತ್ತಿನಲ್ಲಿ ಎದ್ದು ನಿಂತು ನಡೆದದ್ದಕ್ಕೆಲ್ಲ ತಾನೇ ಹೊಣೆ ಎಂದ, ಏನು ಮಾಡುತ್ತೀರೋ ಮಾಡಿ ಎಂಬ ಧಾಟಿಯಲ್ಲಿ. ಯಾರೂ ಏನೂ ಮಾಡಲಿಲ್ಲ. ಸರ್ವಾಧಿಕಾರ ಅಲ್ಲಿಂದ ಬಹಿರಂಗವಾಗಿಯೇ ನಡೆಯತೊಡಗಿತು.

ಜರ್ಮನಿಯಲ್ಲಿ ಇದೇ ಕಥೆ ಇನ್ನೂ ಬೇಗ ಮುಗಿಯಿತು. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದಾಗ ಮಂತ್ರಿಮಂಡಲದಲ್ಲಿ ಅವನೂ ಸೇರಿ ನಾಜಿಗಳು ಮೂವರೇ. ಸುತ್ತ ಕೂತ ಸಂಪ್ರದಾಯವಾದಿಗಳಿಗೆ ಅದೇ ಧೈರ್ಯ. ಮಾರ್ಚ್ 23ರಂದು ಸಂಸತ್ತಿನ ಶಾಸನಾಧಿಕಾರವನ್ನೆಲ್ಲ ಸರ್ಕಾರಕ್ಕೆ ಬರೆದುಕೊಡುವ ಕಾಯ್ದೆ ಮತಕ್ಕೆ ಬಂತು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು ಅಥವಾ ತಲೆಮರೆಸಿಕೊಂಡಿದ್ದರು. ಸಭಾಂಗಣದೊಳಗೇ ನಾಜಿ ಪಡೆಯವರು ನಿಂತಿದ್ದರು. ಒಟ್ಟೊ ವೆಲ್ಸ್ ನಾಯಕತ್ವದ ಸೋಶಿಯಲ್ ಡೆಮಾಕ್ರಟರು 94 ಮಂದಿ ಬೇಡ ಎಂದರು, 444 ಮಂದಿ ಆಗಲಿ ಎಂದರು. ಆಗಲಿ ಎಂದವರಲ್ಲಿ ಉದಾರವಾದಿ ಪಕ್ಷದ ಥಿಯೊಡೋರ್ ಹೊಯ್ಸ್ ಇದ್ದರು. 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ರಾಷ್ಟ್ರಾಧ್ಯಕ್ಷರಾದವರು, ಸಜ್ಜನ, ವಿದ್ವಾಂಸ.

ಇಷ್ಟು ಅಧಿಕಾರ ಗಳಿಸುವ ಮಾತಾಯಿತು. ಅದನ್ನು ಉಳಿಸಿಕೊಳ್ಳುವುದು ಬೇರೆಯೇ ವಿದ್ಯೆ. ಗುಪ್ತಚರರು, ಸೆರೆಮನೆ, ಪತ್ರಿಕೆಗಳ ಬಾಯಿ ಕಟ್ಟುವುದು ಇವೆಲ್ಲ ಇದ್ದೇ ಇರುತ್ತವೆ. ಅವುಗಳ ಬಗ್ಗೆ ಸಾಕಷ್ಟು ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ರಕ್ತದ ಕಲೆಯೇ ಇಲ್ಲದ ಒಂದು ಸಣ್ಣ ಘಟನೆ, ಅದೂ ವಿಶ್ವವಿದ್ಯಾಲಯದ್ದು.

1931ರಲ್ಲಿ ಇಟಲಿಯ ಎಲ್ಲ ವಿಶ್ವವಿದ್ಯಾಲಯ ಪ್ರಾಧ್ಯಾಪಕರೂ ಒಂದು ಪ್ರಮಾಣವಚನಕ್ಕೆ ಸಹಿ ಹಾಕಬೇಕೆಂಬ ಆದೇಶ ಬಂತು. ದೊರೆಗೆ ನಿಷ್ಠೆ ಎಂಬ ಹಳೆಯ ಮಾತಿನ ಪಕ್ಕದಲ್ಲೇ ಫ್ಯಾಸಿಸ್ಟ್ ಆಡಳಿತಕ್ಕೂ ನಿಷ್ಠೆ ಎಂಬ ಹೊಸ ಮಾತು ಸೇರಿತ್ತು. ವಿದ್ಯಾರ್ಥಿಗಳನ್ನು ದೇಶಕ್ಕೂ ಆ ಆಡಳಿತಕ್ಕೂ ವಿಧೇಯರಾದ ಪ್ರಜೆಗಳಾಗಿ ರೂಪಿಸುತ್ತೇನೆ ಎಂದೂ ಒಪ್ಪಬೇಕಿತ್ತು. ಸಹಿ ಹಾಕದಿದ್ದರೆ ಕೆಲಸವಿಲ್ಲ. ಇಟಲಿಯ ವಿದ್ವಾಂಸರನ್ನು ಹೀಗೆ ಅವಮಾನಿಸಬೇಡಿ ಎಂದು ಮಂತ್ರಿ ಅಲ್ಫ್ರೆದೊ ರೊಕ್ಕೊನಿಗೆ ಐನ್‌ಸ್ಟೈನ್ ಪತ್ರ ಬರೆದರು. ಪ್ರಯೋಜನವಾಗಲಿಲ್ಲ. ಸುಮಾರು 1,200 ಪ್ರಾಧ್ಯಾಪಕರಲ್ಲಿ ಒಲ್ಲೆ ಎಂದವರು ಹನ್ನೆರಡು ಮಂದಿ. ಎಣಿಸುವ ರೀತಿಯ ಮೇಲೆ ಈ ಸಂಖ್ಯೆ ಒಂದೆರಡು ಆಚೀಚೆ ಆಗಬಹುದು, ನೂರಕ್ಕೆ ಒಬ್ಬರು ಎಂಬ ಲೆಕ್ಕ ಬದಲಾಗುವುದಿಲ್ಲ.

ಈ ಹನ್ನೆರಡರಲ್ಲಿ ಗಣಿತಜ್ಞ ವಿತೊ ವೊಲ್ತೆರಾ ಇದ್ದರು, ಆಗ ಅವರಿಗೆ ಎಪ್ಪತ್ತೊಂದು. ಕಾಂಟ್‌ನನ್ನು ಪಾಠ ಮಾಡುತ್ತಿದ್ದ ಪಿಯೆರೊ ಮಾರ್ತಿನೆತ್ತಿ ಇದ್ದರು. ಆತ್ಮಸಾಕ್ಷಿಗಿಂತ ಮೇಲೆ ಏನನ್ನೂ ಇಡಬಾರದೆಂದು ಜೀವನವಿಡೀ ಕಲಿಸಿದ ನಾನು ಈಗ ಅದಕ್ಕೆ ವಿರುದ್ಧ ನಡೆಯಲಾರೆ ಎಂಬ ಅರ್ಥದ ಪತ್ರ ಬರೆದು, ಪಿಯೆಮೊಂತೆ ಪ್ರದೇಶದ ತಮ್ಮ ಹಳ್ಳಿ ಮನೆಗೆ ಹೊರಟುಹೋದರು. ಕಾನೂನು ಪಂಡಿತ ಫ್ರಾಂಚೆಸ್ಕೊ ರುಫಿನಿ ಮತ್ತು ಅವರ ಮಗ ಎದೊವಾರ್ದೊ, ಇಬ್ಬರೂ ಇದ್ದರು. ಮಗನ ವಯಸ್ಸು ಆಗ ಮೂವತ್ತು.

ಇನ್ನು ಸಹಿ ಹಾಕಿದ ಸಾವಿರದ ಚಿಲ್ಲರೆ ಮಂದಿ. ಅವರನ್ನೆಲ್ಲ ಹೇಡಿಗಳು ಎಂದು ಕರೆದು ಪುಟ ತಿರುಗಿಸುವುದು ಸುಲಭ. ಆದರೆ ಅವರ ಕಾರಣಗಳನ್ನು ಒಂದೊಂದಾಗಿ ನೋಡಿದರೆ ಹಾಗೆ ಮಾಡಲಾಗುವುದಿಲ್ಲ. ಮನಸ್ಸಿನಲ್ಲಿ ಒಂದು ಷರತ್ತು ಇಟ್ಟುಕೊಂಡು ಪ್ರಮಾಣ ಮಾಡಬಹುದು ಎಂದು ಕ್ಯಾಥೊಲಿಕರಿಗೆ ಚರ್ಚಿನಿಂದ ದಾರಿ ಸಿಕ್ಕಿತು. ಸಹಿ ಹಾಕಿ ಒಳಗೇ ಇರಿ, ಹುಡುಗರ ಸಂಪರ್ಕ ಕಳೆದುಕೊಳ್ಳಬೇಡಿ ಎಂದು ಕಮ್ಯುನಿಸ್ಟ್ ನಾಯಕ ತೊಲ್ಯಾತ್ತಿ ತನ್ನವರಿಗೆ ಹೇಳಿದ. ಕ್ರೋಚೆ ಕೂಡ ಸಲಹೆ ಕೇಳಿದ ಕೆಲವರಿಗೆ ಅಲ್ಲಿಯೇ ಉಳಿಯಿರಿ ಎಂದರು. ನೀವು ಬಿಟ್ಟ ಕುರ್ಚಿಯಲ್ಲಿ ಕೂರುವವನು ಹುಡುಗರ ತಲೆಗೆ ಏನು ತುಂಬಿಯಾನು ಎಂಬುದು ಎಲ್ಲರ ವಾದ. ಅರ್ಥಶಾಸ್ತ್ರಜ್ಞ ಲುಯಿಜಿ ಎಯ್ನೌದಿ ಸಹಿ ಹಾಕಿದರು. 1948ರಲ್ಲಿ ಅವರೂ ಗಣರಾಜ್ಯದ ಅಧ್ಯಕ್ಷರಾದರು. ಅಲ್ಲಿ ಹೊಯ್ಸ್, ಇಲ್ಲಿ ಎಯ್ನೌದಿ: ಸರ್ವಾಧಿಕಾರ ಕೇಳಿದಾಗ ಒಪ್ಪಿಗೆ ಕೊಟ್ಟ ಇಬ್ಬರನ್ನೇ ಆ ದೇಶಗಳು ಪ್ರಜಾಪ್ರಭುತ್ವ ಮರಳಿದ ಮೇಲೆ ತಲೆಯ ಮೇಲೆ ಕೂರಿಸಿಕೊಂಡವು. ಅವರು ಅದಕ್ಕೆ ಯೋಗ್ಯರೂ ಆಗಿದ್ದರು ಎಂಬುದೇ ಈ ಪ್ರಶ್ನೆಯನ್ನು ಕಠಿಣವಾಗಿಸುತ್ತದೆ.

ಒಳಗೆ ಇರುತ್ತೇನೆ ಎಂದವರಲ್ಲಿ ಮಾತು ಉಳಿಸಿಕೊಂಡವರೂ ಇದ್ದಾರೆ. ಲ್ಯಾಟಿನ್ ವಿದ್ವಾಂಸ ಕೊನ್ಚೆತ್ತೊ ಮಾರ್ಕೇಸಿ 1931ರಲ್ಲಿ ಸಹಿ ಹಾಕಿದ್ದ ಕಮ್ಯುನಿಸ್ಟ್. 1943ರಲ್ಲಿ ಪಾದುವಾ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದಾಗ, ಜರ್ಮನ್ ಸೇನೆ ಊರಲ್ಲಿ ಬೀಡುಬಿಟ್ಟಿದ್ದ ಹೊತ್ತಿನಲ್ಲಿ, ಪ್ರತಿರೋಧಕ್ಕೆ ಎದ್ದು ನಿಲ್ಲಿ ಎಂದು ವಿದ್ಯಾರ್ಥಿಗಳಿಗೆ ಕರೆ ಕೊಟ್ಟು ಭೂಗತರಾದರು. ಅಂದು ಸಹಿ ಹಾಕದೆ ಮನೆಗೆ ಹೋಗಿದ್ದರೆ ಆ ಕರೆ ಕೊಡಲು ಅವರಿಗೆ ಆ ಪೀಠವೇ ಇರುತ್ತಿರಲಿಲ್ಲ.

ಹಾಗಾದರೆ ಸಹಿ ಹಾಕಿದ್ದು ಸರಿಯೇ? ಮಾರ್ಕೇಸಿಯನ್ನು ನೋಡಿದರೆ ಹೌದೆನ್ನಿಸುತ್ತದೆ. ಆದರೆ ನಡುವೆ 1938 ಎಂಬ ವರ್ಷವೊಂದಿದೆ. ಆ ವರ್ಷದ ಜನಾಂಗೀಯ ಕಾನೂನುಗಳು ಯಹೂದಿಗಳೆಂಬ ಒಂದೇ ಕಾರಣಕ್ಕೆ ಹತ್ತಿರ ಹತ್ತಿರ ನೂರು ಪ್ರಾಧ್ಯಾಪಕರನ್ನು ಹೊರಹಾಕಿದವು. ಐನ್‌ಸ್ಟೈನ್ ತಮ್ಮ ಸಾಪೇಕ್ಷತಾ ಸಿದ್ಧಾಂತಕ್ಕೆ ಬಳಸಿಕೊಂಡ ಗಣಿತವನ್ನು ಕಟ್ಟಿದವರಲ್ಲಿ ಒಬ್ಬರಾದ ತುಲ್ಲಿಯೊ ಲೆವಿ-ಚಿವಿತಾ ಅವರಲ್ಲೊಬ್ಬರು. ವೊಲ್ತೆರಾ ಸಹಿ ಹಾಕಿರಲಿಲ್ಲ, ಲೆವಿ-ಚಿವಿತಾ ಹಾಕಿದ್ದರು. ಆ ಸಹಿ ಅವರಿಗೆ ಕೊಟ್ಟದ್ದು ಏಳು ವರ್ಷ. ವಿಶ್ವವಿದ್ಯಾಲಯವನ್ನು ಕಾಪಾಡಲೆಂದು ಒಳಗೆ ಉಳಿದಿದ್ದ ಸಾವಿರ ಮಂದಿ ಆಗೇನು ಮಾಡಿದರು? ಖಾಲಿಯಾದ ಪೀಠಗಳು ಹೆಚ್ಚು ಸದ್ದಿಲ್ಲದೆ ಭರ್ತಿಯಾದವು. ಯಾವ ಹೊತ್ತಿಗಾಗಿ ತಾವು ಉಳಿದುಕೊಂಡಿದ್ದೇವೆ ಎಂದು ಹೇಳಿಕೊಂಡಿದ್ದರೋ ಆ ಹೊತ್ತು ಬಂದು ಬಾಗಿಲು ತಟ್ಟಿತು, ಬಹಳಷ್ಟು ಮಂದಿ ಬಾಗಿಲು ತೆರೆಯಲಿಲ್ಲ.

ನನಗೆ ಇಲ್ಲಿ ಕಾಣುವುದು ಇಷ್ಟು. ಸಹಿಗೆ ಎರಡು ಬದಿಗಳಿವೆ. ನಾನು ಯಾಕೆ ಹಾಕಿದೆ ಎಂಬುದು ನನ್ನೊಳಗೇ ಉಳಿಯುತ್ತದೆ. ಹಾಕಿದೆ ಎಂಬುದು ಮಾತ್ರ ಹೊರಗೆ ಹೋಗುತ್ತದೆ. ಅಧಿಕಾರದಲ್ಲಿರುವವನಿಗೆ ನನ್ನ ನಂಬಿಕೆ ಬೇಕಿಲ್ಲ, ಸಂಖ್ಯೆ ಬೇಕು. ನನ್ನ ಮನಸ್ಸಿನ ಷರತ್ತನ್ನು ಅವನ ಗುಮಾಸ್ತ ದಾಖಲಿಸಿಕೊಳ್ಳುವುದಿಲ್ಲ. ಮರುದಿನ ಕಾಲೇಜಿಗೆ ಬರುವ ವಿದ್ಯಾರ್ಥಿಗೂ ಅದು ಗೊತ್ತಾಗುವುದಿಲ್ಲ; ನನ್ನ ಗುರುಗಳೂ ಒಪ್ಪಿದರಂತೆ ಎಂಬುದಷ್ಟೇ ಅವನಿಗೆ ತಲುಪುತ್ತದೆ. ಕೆಟ್ಟವರ ಬೆಂಬಲ ಸರ್ವಾಧಿಕಾರಿಗೆ ಹೇಗೂ ಇರುತ್ತದೆ. ಅವನಿಗೆ ಕೊರತೆ ಇರುವುದು ಮರ್ಯಾದೆಯದ್ದು, ಅದು ಒಳ್ಳೆಯವರ ಬಳಿ ಮಾತ್ರ ಸಿಗುವ ಸಾಮಾನು.

ಮುಸೊಲಿನಿಗೆ ಇದು ಚೆನ್ನಾಗಿ ಗೊತ್ತಿತ್ತು. 1925ರಲ್ಲಿ ಆತ ಶಾಂತಿನಿಕೇತನಕ್ಕೆ ಇಬ್ಬರು ವಿದ್ವಾಂಸರನ್ನೂ ಪುಸ್ತಕಗಳನ್ನೂ ಕಳಿಸಿದ. ಮರುವರ್ಷ ರವೀಂದ್ರನಾಥ ಟಾಗೋರರು ಸರ್ಕಾರಿ ಅತಿಥಿಯಾಗಿ ಇಟಲಿಗೆ ಹೋದಾಗ ಅವರ ಮೆಚ್ಚುಗೆಯ ಮಾತುಗಳನ್ನು ಅಲ್ಲಿನ ಪತ್ರಿಕೆಗಳು ಮೆರೆಸಿದವು. ಆಮೇಲೆ ಸ್ವಿಟ್ಜರ್ಲೆಂಡಿನಲ್ಲಿ ರೊಮೇನ್ ರೋಲಾಂ ಅವರಿಂದಲೂ ಇಟಲಿ ಬಿಟ್ಟು ಬಂದವರಿಂದಲೂ ನಿಜಸ್ಥಿತಿ ಕೇಳಿ ತಿಳಿದ ಟಾಗೋರರು ಇಂಗ್ಲೆಂಡಿನ ಪತ್ರಿಕೆಗೆ ಬಹಿರಂಗ ಪತ್ರ ಬರೆದು ಫ್ಯಾಸಿಸಂ ಅನ್ನು ಖಂಡಿಸಿದರು. ಒಳಗಿನ ಅಭಿಪ್ರಾಯ ಬದಲಾಯಿಸಿಕೊಂಡು ಸುಮ್ಮನಿದ್ದರೆ ಸಾಲದು, ಹೊರಗೆ ಹೋದ ಮಾತನ್ನು ಹೊರಗೇ ಹಿಂದಕ್ಕೆ ಪಡೆಯಬೇಕು ಎಂಬುದಕ್ಕೆ ಇದು ನನಗೆ ತಿಳಿದ ಒಳ್ಳೆಯ ಉದಾಹರಣೆ.

ಹನ್ನೆರಡು ಮಂದಿಯಲ್ಲಿ ಹಲವರು ವಯಸ್ಸಾದವರು, ಹೆಸರು ಮಾಡಿದವರು, ಹೊಟ್ಟೆಪಾಡಿನ ಚಿಂತೆ ಅಷ್ಟಾಗಿ ಇಲ್ಲದವರು ಎಂಬ ಆಕ್ಷೇಪವೊಂದಿದೆ. ಫೆಲೋಶಿಪ್ ಹಣ ಬರುವ ತಾರೀಕನ್ನು ಕಾಯುತ್ತಾ ಬದುಕುವ ನನ್ನಂಥವರಿಗೆ ಇದು ಸಣ್ಣ ಆಕ್ಷೇಪವಲ್ಲ. ಅದಕ್ಕೇ ನನಗೆ ಲಿಯೋನೆ ಗಿಂಜ್‌ಬುರ್ಗ್ ಮುಖ್ಯವಾಗುತ್ತಾನೆ. ತುರಿನ್ ವಿಶ್ವವಿದ್ಯಾಲಯದಲ್ಲಿ ರಷ್ಯನ್ ಸಾಹಿತ್ಯ ಕಲಿಸಲು ಆಗಷ್ಟೇ ಶುರುಮಾಡಿದ್ದ ಹುಡುಗ. 1934ರ ಆರಂಭದಲ್ಲಿ ಅದೇ ಪ್ರಮಾಣ ಅವನ ಮುಂದೆ ಬಂದಾಗ ವಯಸ್ಸು ಇಪ್ಪತ್ತನಾಲ್ಕು. ಪಿಂಚಣಿಯಿಲ್ಲ, ಕೀರ್ತಿಯಿಲ್ಲ. ಒಲ್ಲೆ ಎಂದ. ಅದೇ ವರ್ಷ ಸೆರೆಮನೆ ಸೇರಿದ. ಹೊರಬಂದ ಮೇಲೆ ಗೆಳೆಯ ಜೂಲಿಯೊ ಕಟ್ಟಿದ್ದ ಎಯ್ನೌದಿ ಪ್ರಕಾಶನದಲ್ಲಿ ಪುಸ್ತಕಗಳನ್ನು ತಿದ್ದುತ್ತಾ ಕೂತ. ಆ ಜೂಲಿಯೊ, ಸಹಿ ಹಾಕಿದ್ದ ಲುಯಿಜಿ ಎಯ್ನೌದಿಯ ಮಗ. 1944ರ ಫೆಬ್ರವರಿಯಲ್ಲಿ ರೋಮ್‌ನ ಸೆರೆಮನೆಯಲ್ಲಿ, ಚಿತ್ರಹಿಂಸೆಯ ನಂತರ, ಗಿಂಜ್‌ಬುರ್ಗ್ ತೀರಿಕೊಂಡ. ವಯಸ್ಸು ಮೂವತ್ತನಾಲ್ಕು.

ಅವನನ್ನು ಎಲ್ಲರಿಗೂ ಮಾದರಿ ಎಂದು ಮುಂದಿಡಲು ನನಗೆ ಧೈರ್ಯವಿಲ್ಲ. ಇನ್ನೊಬ್ಬರಿಂದ ಪ್ರಾಣದ ಬೆಲೆ ಕೇಳುವ ಹಕ್ಕು ಬರೆಯುವವನಿಗೆ ಇರುವುದಿಲ್ಲ. ಲೆಕ್ಕದ ಪ್ರಕಾರ ನಾನು ಸಾವಿರದವರಲ್ಲಿ ಒಬ್ಬನಾಗಿರುವ ಸಾಧ್ಯತೆಯೇ ಹೆಚ್ಚು, ಓದುತ್ತಿರುವ ನೀವೂ ಅಷ್ಟೇ. ಹಾಗಾಗಿ ನನಗೆ ಹೆಚ್ಚು ಉಪಯೋಗಕ್ಕೆ ಬರುವುದು ಸಾವಿರದವರೊಳಗಿನ ವ್ಯತ್ಯಾಸ. ಮಾರ್ಕೇಸಿಗೂ 1938ರಲ್ಲಿ ಸುಮ್ಮನಿದ್ದವರಿಗೂ 1931ರಲ್ಲಿ ಹೆಚ್ಚುಕಡಿಮೆ ಒಂದೇ ಕಾರಣವಿತ್ತು. ಇನ್ನು ಮುಂದಕ್ಕೆ ಬರಲಾರೆ ಎಂದು ಎಲ್ಲಿ ನಿಲ್ಲುತ್ತೇನೆ ಎಂಬುದನ್ನು ಮಾರ್ಕೇಸಿ ಎಲ್ಲೋ ಗುರುತು ಹಾಕಿಕೊಂಡಿರಬೇಕು. ಸಮಯ ಬಂದಾಗ ನೋಡೋಣ ಎಂದುಕೊಂಡವರಿಗೆ ಆ ಗೆರೆ ಪ್ರತಿ ವರ್ಷವೂ ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು.

ಆ ಗುರುತನ್ನು ಹಾಕಿಕೊಳ್ಳಲು ಯೋಗ್ಯ ಕಾಲವೆಂದರೆ ಮೇಜಿನ ಮೇಲೆ ಇನ್ನೂ ಯಾವ ಕಾಗದವೂ ಬಂದಿಲ್ಲದಿರುವಾಗ. ಇಬ್ಬರು ಮೂವರು ಸ್ನೇಹಿತರಿಗೆ ಅದನ್ನು ಹೇಳಿಟ್ಟಿರುವುದು ಇನ್ನೂ ಒಳ್ಳೆಯದು. ಮನಸ್ಸಿನಲ್ಲೇ ಇಟ್ಟುಕೊಂಡ ಗೆರೆಯನ್ನು ದಾಟಿದರೆ ಕೇಳುವವರು ಯಾರೂ ಇರುವುದಿಲ್ಲ.