ಚೊಚ್ಚಲ ಮಕ್ಕಳ ಊರು

ಸುಂದರವಾದ ಹಳ್ಳಿಯೊಂದನ್ನು ಕಂಡು "ಇದು ಹೀಗೆಯೇ ಇರಲಿ" ಎಂದು ಹಾರೈಸುವುದು ತಪ್ಪೆ? ಈ ಸಂದೇಹ ನನ್ನನ್ನು ಹಿಡಿದದ್ದು ಕಳೆದ ವರ್ಷ, ಗ್ರೀಸ್ ದೇಶದ ಕಾರ್ಪಾಥೋಸ್ ದ್ವೀಪದಲ್ಲಿ. ಹಡಗಿನ ಕೆಲಸಕ್ಕೆಂದು ಹೋದ ನನ್ನ ತಮ್ಮ ಈಗ ಅಥೆನ್ಸಿನ ರೇವುಪಟ್ಟಣವಾದ ಪಿರೇಯಸ್ಸಿನಲ್ಲಿ ನೆಲಸಿದ್ದಾನೆ. "ಅಣ್ಣ, ಒಮ್ಮೆ ಬಂದುಹೋಗು" ಎಂದು ಬಹುಕಾಲದಿಂದ ಕರೆಯುತ್ತಿದ್ದ; ಹೋದೆ.

ಕ್ರೀಟ್ ಮತ್ತು ರೋಡ್ಸ್ ದ್ವೀಪಗಳ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಕಾರ್ಪಾಥೋಸಿನ ಉತ್ತರ ಭಾಗದಲ್ಲಿ, ಬೆಟ್ಟದ ಏಣಿನ ಮೇಲೆ, ಓಲಿಂಬೋಸ್ ಎಂಬ ಹಳ್ಳಿಯಿದೆ. (ದೇವತೆಗಳ ಬೆಟ್ಟವಾದ ಒಲಿಂಪಸ್ ಬೇರೆ, ಈ ಗೊಂದಲ ನನಗೂ ಆಗಿತ್ತು.) ಕಡಲ್ಗಳ್ಳರಿಗೆ ಹೆದರಿದ ಜನ ಮೇಲೇರಿ ಕಟ್ಟಿಕೊಂಡ ಊರು. 1912ರಲ್ಲಿ ತುರ್ಕರಿಂದ ಇಟಲಿಯವರ ಕೈಗೆ ಹೋದ ದ್ವೀಪ ಗ್ರೀಸಿಗೆ ಸೇರಿದ್ದು 1948ರಲ್ಲಿ. ಊರಿನ ಮಾತಿನಲ್ಲಿ ಪ್ರಾಚೀನ ಡೋರಿಕ್ ಗ್ರೀಕಿನ ಪದಗಳು ಉಳಿದಿವೆಯಂತೆ. ಕನ್ನಡ ಮೇಷ್ಟರಿಗೆ ಇದಕ್ಕಿಂತ ಬೇರೆ ಆಮಿಷ ಬೇಕೆ?

ಊರನ್ನು ಕಂಡು ಮರುಳಾದೆನೆಂದು ಒಪ್ಪಿಕೊಳ್ಳುತ್ತೇನೆ. ಪಡುಗಾಳಿಗೆ ಮುಖವೊಡ್ಡಿ ನಿಂತ ಕಲ್ಲಿನ ಗಾಳಿಗಿರಣಿಗಳು. ಕಸೂತಿಯ ಉಡುಪು, ಆಡಿನ ತೊಗಲಿನ ಮೆಟ್ಟು ತೊಟ್ಟು ದಿನದ ಕೆಲಸಕ್ಕೆ ಹೊರಟ ಮುದುಕಿಯರು. ಒಂದೇ ಕೋಣೆಯ ಮನೆ, ಅದರೊಳಗೆ ಇಡೀ ಸಂಸಾರ ಮಲಗುತ್ತಿದ್ದ ಮರದ ಜಗಲಿ, ಗೋಡೆಯ ತುಂಬ ಬಣ್ಣದ ತಟ್ಟೆಗಳು. ಮಧ್ಯಾಹ್ನ ಆಡಿನ ಕೊರಳ ಗಂಟೆಯ ಹೊರತು ಸದ್ದಿಲ್ಲ. "ಬದುಕೆಂದರೆ ಇದಪ್ಪ" ಎಂದೆ. ತಮ್ಮ ನಕ್ಕು, "ನೋಡಲಿಕ್ಕೆ ಚೆನ್ನಾಗಿದೆ, ಅಣ್ಣ" ಎಂದ.

ಬೀದಿಯ ಒಲೆಯಲ್ಲಿ ರೊಟ್ಟಿ ಸುಡುತ್ತಿದ್ದ ಮುದುಕಿಯೊಬ್ಬಳು ನಮ್ಮಿಬ್ಬರನ್ನೂ ದಿಟ್ಟಿಸಿ ಏನೋ ಕೇಳಿದಳು. ನಮ್ಮಲ್ಲಿ ಹಿರಿಯವನು ಯಾರು ಎಂದಂತೆ. ತಮ್ಮ ನನ್ನನ್ನು ತೋರಿಸಿದ. ಆ ಊರಿನಲ್ಲಿ ಅದು ಬರಿಯ ಕುಶಲಪ್ರಶ್ನೆಯಲ್ಲ. ಅಲ್ಲಿನ ಹಳೆಯ ಕಟ್ಟಳೆಯಂತೆ ತಂದೆಯ ಆಸ್ತಿ ಚೊಚ್ಚಲ ಮಗನಿಗೆ, ತಾಯಿಯ ಆಸ್ತಿ ಚೊಚ್ಚಲ ಮಗಳಿಗೆ. ಅಂಥ ಮಗಳಿಗೆ 'ಕನಕಾರಾ' ಎಂದು ಹೆಸರು. ಹಬ್ಬದ ಕುಣಿತದಲ್ಲಿ ಚಿನ್ನದ ನಾಣ್ಯಗಳ ಹಾರವನ್ನು ಎದೆತುಂಬ ಧರಿಸುವವಳು ಅವಳು. ಉಳಿದವರಿಗೆ ಬಹುಮಟ್ಟಿಗೆ ಏನೂ ಇಲ್ಲ. ಗಂಡಾದರೆ ಪಿರೇಯಸ್ಸಿಗೋ ಅಮೆರಿಕದ ಬಾಲ್ಟಿಮೋರಿಗೋ ಹೋಗಬೇಕು. ಹೆಣ್ಣಾದರೆ ಎಷ್ಟೋ ವೇಳೆ ಮದುವೆಯಿಲ್ಲದೆ ಅಕ್ಕನ ಮನೆಯಲ್ಲಿ, ಅಕ್ಕನ ಹೊಲದಲ್ಲಿ ದುಡಿಯಬೇಕು. ಬರ್ನಾರ್ ವೆರ್ನಿಯೆ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞರು ಈ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಂಬಂಧವನ್ನೇ ಕುರಿತು 1991ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದಾರೆ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ಕಲ್ಲುನೆಲದ ತುಂಡುಹೊಲವನ್ನು ಎಲ್ಲರಿಗೂ ಹಂಚಿದರೆ ಯಾರ ಹೊಟ್ಟೆಯೂ ತುಂಬದು. ಒಬ್ಬನಿಗೆ ಇಡಿಯಾಗಿ ಕೊಟ್ಟರೆ ಮನೆಯಾದರೂ ಉಳಿದೀತು. ನನಗೆ ಈ ವಾದ ತಿಳಿಯುತ್ತದೆ. ಆದರೆ ಮನೆ ಉಳಿಯಬೇಕೆಂದು ತೀರ್ಮಾನಿಸುವವರು ಯಾವಾಗಲೂ ಮನೆಯೊಳಗೆ ಉಳಿಯುವವರೇ ಅಲ್ಲವೆ? ಹೊರಟುಹೋಗಬೇಕಾದವನನ್ನು ಯಾರೂ ಕೇಳುವುದಿಲ್ಲ. ವಲಸೆ ಹೋದವರ ಹಣ ಬರತೊಡಗಿದ ಮೇಲೆ ಈ ಕಟ್ಟಳೆಯ ಬಿಗಿ ಸಡಿಲವಾಯಿತು. ನಾನು ಮೆಚ್ಚಿಕೊಂಡ ಆ ಮೌನದಲ್ಲಿ ಅರ್ಧ ಪಾಲು ಹೊರಟುಹೋದವರದು.

ಮುದುಕಿ ತಾನು ಮೂರನೆಯ ಮಗಳೆಂದಳು. ಗೋಳಾಡಲಿಲ್ಲ, ತನ್ನ ಊರಿನಂಥ ಊರು ಇನ್ನೊಂದಿಲ್ಲವೆಂದೂ ಸೇರಿಸಿದಳು. ಅವಳೇ ಕೇಳದ ಮರುಕವನ್ನು ಅವಳಿಗೆ ತೋರಿಸಲು ನಾನು ಯಾರು? ಈ ಪ್ರಶ್ನೆ ನನಗೆ ಇನ್ನೂ ಬಗೆಹರಿದಿಲ್ಲ. ಆದರೆ ಅವಳ ತೃಪ್ತಿಯನ್ನು ನಾನು ಸಾಕ್ಷಿಯಾಗಿ ಬಳಸಿಕೊಳ್ಳುವುದು ಮಾತ್ರ ನ್ಯಾಯವಲ್ಲ ಎನಿಸಿತು, ಏಕೆಂದರೆ ನನಗೆ ಅದರಲ್ಲಿ ಸ್ವಾರ್ಥವಿತ್ತು.

ನಮ್ಮ ತಂದೆ ತೋಟವನ್ನು ಒತ್ತೆಯಿಟ್ಟು ನನ್ನನ್ನು ಎಂ.ಎ.ವರೆಗೆ ಓದಿಸಿದರು. ತಮ್ಮನ ಸರದಿ ಬಂದಾಗ ಒತ್ತೆಯಿಡಲು ಏನೂ ಉಳಿದಿರಲಿಲ್ಲ. ಅವನು ಹಡಗು ಹತ್ತಿದ. ತೋಟ ಬಿಡಿಸಿದ್ದೂ, ಮನೆಯ ಹೆಂಚು ಹೊದಿಸಿದ್ದೂ ಅವನ ಹಣ. ಪ್ರತಿ ಯುಗಾದಿಗೆ ಊರಿಗೆ ಹೋದಾಗ, ಹಜಾರದ ಕಂಬಕ್ಕೆ ಒರಗಿ ಕುಳಿತು, "ನಮ್ಮ ಮನೆ ಮೊದಲಿದ್ದ ಹಾಗೆಯೇ ಇದೆ" ಎಂದು ಹೆಂಡತಿಯ ಮುಂದೆ ಹೆಮ್ಮೆಪಡುವವನು ನಾನು. ಅವನು ಆ ಹಜಾರದಲ್ಲಿ ಕುಳಿತು ಹನ್ನೊಂದು ವರ್ಷವಾಯಿತು.

ಮುದುಕಿ ಬಿಸಿ ರೊಟ್ಟಿಯನ್ನು ಮುರಿದು ನಮಗೆ ಕೊಟ್ಟಳು. ದೊಡ್ಡ ಚೂರು ತಮ್ಮನ ಕೈಗೆ ಹೋಯಿತು. ಅವನು ಅಭ್ಯಾಸದಂತೆ ಅದನ್ನು ನನ್ನ ಕಡೆ ಚಾಚಿದ. ನಾನೂ ಅಭ್ಯಾಸದಂತೆ ಕೈ ನೀಡಿಬಿಟ್ಟೆ.