ಕಾಣದ್ದನ್ನು ಎಣಿಸುವುದು

ಬರಗೂರಿನಲ್ಲಿ ಬೇಸಿಗೆಯ ರಾತ್ರಿ ಕರೆಂಟು ಹೋದರೆ ಚಾಪೆ, ದಿಂಬು ಹಿಡಿದು ಮಾಳಿಗೆ ಹತ್ತುವುದು ನಮ್ಮ ಮನೆಯ ರೂಢಿ. ಹಾಗೆ ಮಲಗಿದ್ದ ಒಂದು ರಾತ್ರಿ ಮೊಮ್ಮಗಳು ಕೇಳಿದಳು, "ಅಜ್ಜಿ, ಆ ನಕ್ಷತ್ರಗಳ ಸುತ್ತಲೂ ಗ್ರಹಗಳಿವೆಯಂತೆ. ಅಲ್ಲಿ ಯಾರಾದರೂ ಇದ್ದಾರಾ?" "ಕಾಣದ್ದನ್ನು ಹೇಗೆ ಹೇಳುವುದು, ಸುಮ್ಮನೆ ಮಲಗು" ಎಂದುಬಿಟ್ಟೆ. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ಕೊಡುವ ಉತ್ತರವೇ ಇದು? ಬೆಳಗಾದ ಮೇಲೆ ನಾಚಿಕೆಯಾಗಿ ಓದಲು ಕುಳಿತೆ.

1995ರಲ್ಲಿ ಸ್ವಿಟ್ಜರ್ಲೆಂಡಿನ ಮಿಷೆಲ್ ಮೇಯರ್ ಮತ್ತು ಡಿಡಿಯರ್ ಕ್ವೆಲೋ ಎಂಬ ವಿಜ್ಞಾನಿಗಳು ನಮ್ಮ ಸೂರ್ಯನಂಥದೇ ಇನ್ನೊಂದು ನಕ್ಷತ್ರದ ಸುತ್ತ ಗ್ರಹವೊಂದನ್ನು ಪತ್ತೆ ಮಾಡಿದರು. 2019ರಲ್ಲಿ ಅವರಿಗೆ ನೊಬೆಲ್ ಬಂತು. ಸ್ವಾರಸ್ಯವೆಂದರೆ ಅವರು ಆ ಗ್ರಹವನ್ನು ಕಂಡೇ ಇರಲಿಲ್ಲ. ಕೂಸಿನ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿಸುವ ತಾಯಿ ತಾನೂ ಒಂದಿಷ್ಟು ಓಲಾಡುತ್ತಾಳಲ್ಲ, ಹಾಗೆ ಗ್ರಹ ಸುತ್ತುವಾಗ ನಕ್ಷತ್ರವೂ ತುಸು ಓಲಾಡುತ್ತದೆ. ಕೂಸು ಕತ್ತಲಲ್ಲಿದ್ದರೂ ತಾಯಿಯ ಓಲಾಟ ಅದರ ಇರವನ್ನು ಹೇಳುತ್ತದೆ. ಇನ್ನೊಂದು ದಾರಿಯೂ ಉಂಟು. ಗ್ರಹ ಅಡ್ಡ ಹಾದಾಗ ನಕ್ಷತ್ರದ ಬೆಳಕು ಕೊಂಚ ಕುಗ್ಗುತ್ತದೆ. ನಮ್ಮ ಭೂಮಿ ಸೂರ್ಯನಿಗೆ ಅಡ್ಡ ಹೋದಾಗ ದೂರದಿಂದ ನೋಡುವವರಿಗೆ ಕುಗ್ಗುವ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ! ಇಂಥ ಸೂಕ್ಷ್ಮ ಲೆಕ್ಕಗಳಿಂದಲೇ 2025ರ ಸೆಪ್ಟೆಂಬರ್ ಹೊತ್ತಿಗೆ ಪತ್ತೆಯಾದ ಗ್ರಹಗಳ ಸಂಖ್ಯೆ ಆರು ಸಾವಿರ ದಾಟಿತ್ತು.

ಸೂರ್ಯನಂಥ ನಕ್ಷತ್ರಗಳ ಬಳಿ ಮೊದಮೊದಲು ಸಿಕ್ಕಿದವು ಭಾರೀ ಗ್ರಹಗಳು, ಅವುಗಳಲ್ಲಿ ಹಲವು ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವಂಥವು. ಚಿಕ್ಕವು ಇರಲಿಲ್ಲವೆಂದಲ್ಲ, ಅಂದಿನ ಉಪಕರಣಕ್ಕೆ ಅವು ಸಿಗುತ್ತಿರಲಿಲ್ಲ. ಈ ಮಾತು ಓದಿದಾಗ ನನಗೆ ಆಕಾಶ ಮರೆತುಹೋಗಿ 2011ರ ಫೆಬ್ರವರಿಯ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಜನಗಣತಿಗೆ ಮನೆಮನೆ ತಿರುಗುತ್ತಿದ್ದೆ. ಒಂದು ಮನೆಯ ಜಗಲಿಯ ಮೇಲೆ ಹೆಂಗಸೊಬ್ಬಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಎರಡು ಹಸು. "ಏನು ಕೆಲಸ ಮಾಡ್ತೀಯಮ್ಮ?" ಎಂದೆ. "ನಂದೇನೈತೆ ಟೀಚರಮ್ಮ, ಮನ್ಯಾಗಿರ್ತೀನಿ" ಎಂದಳು. ಒಳಗಿಂದ ಗಂಡನ ದನಿಯೂ ಬಂತು: "ಅವಳ್ದೇನು ಕೆಲ್ಸ, ಬರ್ಕಳ್ರಿ." ಕೆಲಸ ಮಾಡದವರ ಸಾಲಿನಲ್ಲಿ, 'ಮನೆವಾರ್ತೆ' ಎಂದು ಗುರುತು ಹಾಕಿ ಎದ್ದೆ. ತರಬೇತಿಯಲ್ಲಿ ನಮಗೆ ಸ್ಪಷ್ಟವಾಗಿ ಹೇಳಿದ್ದರು: ಮನೆ ಬಳಕೆಗೇ ಆದರೂ ಹಾಲು ಉತ್ಪಾದಿಸುವುದು, ಬೇಸಾಯ ಮಾಡುವುದು ಕೆಲಸವೇ, ಸಂಬಳವಿಲ್ಲದೆ ಹೊಲದಲ್ಲಿ ದುಡಿದರೂ ಕೆಲಸವೇ. ಆ ದಿನ ಸಂಜೆ ಅದೇ ಹೆಂಗಸು ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ನಿಂತಿದ್ದನ್ನು ಕಂಡೆ. ಫಾರಂ ಇನ್ನೂ ನನ್ನ ಚೀಲದಲ್ಲೇ ಇತ್ತು. ತಿದ್ದಬಹುದಿತ್ತು. ಆದರೆ ಉಳಿದ ಮನೆಗಳೆಷ್ಟೋ ಇದ್ದವು, ಮನೆಗೆ ಹೋಗಿ ಅಡುಗೆ ಮಾಡಬೇಕಿತ್ತು. ತಿದ್ದಲಿಲ್ಲ.

ನಿಯಮದಲ್ಲಿ ತಪ್ಪಿರಲಿಲ್ಲ. ನೋಡಿಯೂ ಬರೆಯದೆ ಹೋದವಳು ನಾನು, ಅದೂ ಒಬ್ಬ ಹೆಂಗಸು.

ಮೊಮ್ಮಗಳಿಗಾಗಿ ಓದುತ್ತ ಹೋದಾಗ ಇನ್ನೊಬ್ಬಳು ಸಿಕ್ಕಳು. 2019ರಲ್ಲಿ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಭಾರತಕ್ಕೆ ಒದಗಿತು. ನಕ್ಷತ್ರಕ್ಕೆ 'ಬಿಭಾ' ಎಂದೂ ಗ್ರಹಕ್ಕೆ 'ಸಂತಮಸ' ಎಂದೂ ಹೆಸರಾಯಿತು. 1913ರಲ್ಲಿ ಹುಟ್ಟಿದ ಬಿಭಾ ಚೌಧುರಿ ಭೌತವಿಜ್ಞಾನಿ. ದೇವೇಂದ್ರ ಮೋಹನ ಬೋಸರ ಜೊತೆಗೂಡಿ ಬೆಟ್ಟದ ಮೇಲೆ ಫೋಟೋ ಪ್ಲೇಟುಗಳನ್ನಿಟ್ಟು, ಆಕಾಶದಿಂದ ಬರುವ ಕಣಗಳು ಮೂಡಿಸಿದ ಗೆರೆಗಳನ್ನು ಓದಿದಾಕೆ. ಯುದ್ಧಕಾಲದಲ್ಲಿ ಒಳ್ಳೆಯ ಪ್ಲೇಟು ಸಿಗದೆ ಆ ಕೆಲಸ ನಿಂತಿತು. ಮುಂದೆ ಅಂಥದೇ ವಿಧಾನವನ್ನು ಉತ್ತಮ ಪ್ಲೇಟುಗಳಿಂದ ಮುಂದುವರಿಸಿದ ಸೆಸಿಲ್ ಪವೆಲ್‌ಗೆ 1950ರಲ್ಲಿ ನೊಬೆಲ್ ಬಂತು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳಲ್ಲೂ ಬಿಭಾ ದುಡಿದರು. 1991ರಲ್ಲಿ ತೀರಿಕೊಂಡಾಗ ಅವರ ಹೆಸರು ಬಲ್ಲವರು ಕಡಿಮೆ. ಕಣ ಬಿಟ್ಟುಹೋದ ಗೆರೆಯಿಂದ ಕಣವನ್ನು ಗುರುತಿಸಿದವಳನ್ನು, ಅವಳು ಬಿಟ್ಟುಹೋದ ಗೆರೆಯಿಂದ ನಾವು ಗುರುತಿಸಲು ಇಷ್ಟು ವರ್ಷ ಬೇಕಾಯಿತು.

ಹಾಗಾದರೆ ಕಾಣದ್ದೆಲ್ಲ ಇದೆ ಎಂದುಬಿಡಬೇಕೆ? ಅದೂ ಸಲ್ಲದು. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಸಂಗಡಿಗರು ಕೆ2-18ಬಿ ಎಂಬ ಗ್ರಹದ ಗಾಳಿಯಲ್ಲಿ ಡೈಮೀಥೈಲ್ ಸಲ್ಫೈಡಿನಂಥ ಅನಿಲದ ಸುಳಿವಿದೆ ಎಂದರು. ಭೂಮಿಯಲ್ಲಿ ಅದು ಬಹುಮಟ್ಟಿಗೆ ಕಡಲಿನ ಸೂಕ್ಷ್ಮಜೀವಿಗಳಿಂದ ಬರುವಂಥದು. ಆ ಸುಳಿವು ಆಕಸ್ಮಿಕವಾಗಿರುವ ಸಂಭವ ಸಾವಿರಕ್ಕೆ ಮೂರು ಎಂದು ಅವರೇ ಒಪ್ಪಿಕೊಂಡರು. ಅದೇ ಮಾಹಿತಿಯನ್ನು ಮತ್ತೆ ಪರೀಕ್ಷಿಸಿದ ಬೇರೆ ವಿಜ್ಞಾನಿಗಳು, ಇದು ಸಾಲದು ಎಂದರು. ಸಾವಿರಕ್ಕೆ ಮೂರರಷ್ಟು ಅನುಮಾನವನ್ನೂ ಬಿಟ್ಟುಕೊಡದ ಆ ನಿಷ್ಠುರತೆ ನನಗೆ ಹಿಡಿಸಿತು. ಜೀವ ಇದೆ ಎನ್ನುವವರೇ ಅದನ್ನು ತೋರಿಸಬೇಕು. ಅಲ್ಲಿ ಅದು ನ್ಯಾಯ. ನೂರಿಪ್ಪತ್ತನಾಲ್ಕು ಜ್ಯೋತಿರ್ವರ್ಷ ದೂರದ ಗ್ರಹ ನಮ್ಮ ಅನುಮಾನದಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ, ಎಷ್ಟು ವರ್ಷವಾದರೂ ಕಾಯುತ್ತದೆ.

ಅದೇ ನ್ಯಾಯವನ್ನು ಮನುಷ್ಯರಿಗೆ ಹಚ್ಚುವುದರಲ್ಲೇ ನಾವು ಎಡವುತ್ತೇವೆ ಎಂದು ನನಗನ್ನಿಸುತ್ತದೆ. ಜಗಲಿಯ ಮೇಲೆ ಕುಳಿತವಳೇ ತನ್ನ ಕೆಲಸವನ್ನು ಸಾಬೀತು ಮಾಡಲಿ ಎಂದು ನಾನು ಕಾದೆ. "ನಂದೇನೈತೆ" ಎಂದೇ ಕಲಿತವಳು ಏನು ಸಾಬೀತು ಮಾಡುತ್ತಾಳೆ? ಇಲ್ಲಿ ತೋರಿಸುವ ಭಾರ ಕೇಳುವವರ ಮೇಲಿರಬೇಕು. ಇಲ್ಲ ಎಂದು ಬರೆಯುವ ಮೊದಲು ಹಸುವಿನ ಕಡೆ, ಹೊಲದ ಕಡೆ, ಕೈಯ ಕಡೆ ಒಮ್ಮೆ ತಿರುಗಿ ನೋಡಬೇಕು. ತಪ್ಪಿ ಬರೆದರೆ ನಷ್ಟ ಬರೆದವಳಿಗಲ್ಲ.

2027ರ ಜನಗಣತಿಗೆ 2025ರಲ್ಲೇ ಅಧಿಸೂಚನೆ ಹೊರಟಿದೆ. ನಾನು ನಿವೃತ್ತಳು, ಫಾರಂ ಹಿಡಿಯುವವರು ಬೇರೆ. ನಮ್ಮ ಮನೆಗೆ ಬಂದಾಗ ಸೊಸೆಯ ಕೆಲಸವೇನೆಂದು ಕೇಳುತ್ತಾರೆ. ಆಗ ಒಳಗಿಂದ ಯಾರ ದನಿ ಬರುತ್ತದೆಯೋ ನೋಡಬೇಕು. ನಾನಂತೂ ಜಗಲಿಯ ಮೇಲೇ ಕುಳಿತಿರುತ್ತೇನೆ.

ಮತ್ತೊಮ್ಮೆ ಕರೆಂಟು ಹೋದ ರಾತ್ರಿ ಮೊಮ್ಮಗಳಿಗೆ ಹೇಳಿದೆ, "ಇದ್ದಾರೋ ಇಲ್ಲವೋ ಇನ್ನೂ ಗೊತ್ತಿಲ್ಲ ಮಗಳೇ, ಹುಡುಕ್ತಾ ಇದ್ದಾರೆ." "ಸಿಗದಿದ್ದರೆ?" ಎಂದಳು. "ಇನ್ನೂ ಚೆನ್ನಾಗಿ ನೋಡಬೇಕು" ಎಂದೆ.