ಹಿಂದಿನ ಸೀಟು

ಜನವರಿ ಹತ್ತಿರವಾದರೆ ನಮ್ಮ ಅಹಮದಾಬಾದಿನ ಸ್ಯಾಟಲೈಟ್‌ನಲ್ಲಿ (ಇಸ್ರೋ ಕೇಂದ್ರದಿಂದಾಗಿ ಬಡಾವಣೆಗೆ ಈ ಹೆಸರು) ಸ್ಕೂಟರುಗಳ ಹ್ಯಾಂಡಲ್ ಮೇಲೆ ಬಾಗಿಸಿದ ತಂತಿಯೊಂದು ಎದ್ದು ನಿಲ್ಲುತ್ತದೆ. ಉತ್ತರಾಯಣದ ಗಾಳಿಪಟಗಳ ಮಾಂಜಾ ದಾರ ಕತ್ತು ಕೊಯ್ಯದಿರಲಿ ಎಂದು. ರಸ್ತೆಬದಿಯಲ್ಲೇ ಕೂಡಿಸಿಕೊಡುತ್ತಾರೆ. ಕುತ್ತಿಗೆಗೆ ಮಫ್ಲರ್ ಬೇರೆ. ಹೆಲ್ಮೆಟ್ ಮಾತ್ರ ಎಷ್ಟೋ ಗಾಡಿಗಳಲ್ಲಿ ಕೊಕ್ಕೆಗೆ ನೇತಾಡುತ್ತಿರುತ್ತದೆ.

ಸೆಖೆ ಎನ್ನುತ್ತಾರೆ. ಸುಳ್ಳಲ್ಲ, 2016ರ ಮೇ 20ರಂದು ಇಲ್ಲಿ 48 ಡಿಗ್ರಿ ಮುಟ್ಟಿತ್ತು. ಆದರೆ ಜನವರಿಯ ಚಳಿಯಲ್ಲಿ? ನನಗನ್ನಿಸುವುದಿಷ್ಟು: ದಾರ ಇನ್ನೊಬ್ಬರ ತಪ್ಪು, ಅದರಿಂದ ತಪ್ಪಿಸಿಕೊಳ್ಳುವುದು ಜಾಣತನ. ಹೆಲ್ಮೆಟ್ ಹಾಕಿದರೆ ಮಾತ್ರ ನಾನೂ ಬೀಳಬಲ್ಲೆ ಎಂದು ಒಪ್ಪಿಕೊಂಡಂತೆ.

2019ರ ಡಿಸೆಂಬರ್‌ನಲ್ಲಿ ಗುಜರಾತ್ ಸರ್ಕಾರ ನಗರದೊಳಗೆ ಹೆಲ್ಮೆಟ್ ಕಡ್ಡಾಯವಲ್ಲ ಎಂದು ಪ್ರಕಟಿಸಿದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬ. ನನ್ನ ತಲೆ, ನನ್ನ ಇಷ್ಟ. ಆಫೀಸಿನಲ್ಲಿ ಪ್ರತಿ ಪ್ರಾಜೆಕ್ಟಿಗೂ ರಿಸ್ಕ್ ಪಟ್ಟಿ ಮಾಡಿಸುವ ಮನುಷ್ಯ ಹೀಗೆ ವಾದಿಸುತ್ತಿದ್ದೆ!

ಹೋದ ವರ್ಷ ಭಾನುವಾರದ ಹೈವೇ ಸವಾರಿಗೆಂದು ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇರುವ ಜಾಕೆಟ್ ಕೊಂಡೆ. ಪ್ಯಾಡು ಪೆಟ್ಟನ್ನು ಹೀರಿ ಹರಡುತ್ತದೆ. ದಪ್ಪ ಬಟ್ಟೆ ಟಾರಿನ ಮೇಲೆ ಜಾರುವಾಗ ಚರ್ಮ ಉಳಿಸುತ್ತದೆ. ಒಂದು ಸಂಜೆ ಮಗಳು ಅದನ್ನು ತೊಟ್ಟು ಕನ್ನಡಿ ಮುಂದೆ ನಿಂತಿದ್ದಳು.

"ಅಪ್ಪಾ, ಟ್ಯೂಷನ್‌ಗೆ ಹೋಗುವಾಗ ಇದು ಬೇಡ್ವಾ?"

"ಟ್ಯೂಷನ್ ಇಲ್ಲೇ ಅಲ್ವೇನೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ವಾರಕ್ಕೆ ಐದು ದಿನ ಶಿವರಂಜನಿ ಚೌಕದ ಗದ್ದಲದಲ್ಲಿ ಅವಳು ನನ್ನ ಬೆನ್ನಿಗಂಟಿ ಕೂರುತ್ತಾಳೆ. ಅವಳ ಹೆಲ್ಮೆಟ್ಟು ಫುಟ್‌ಪಾತಿನಲ್ಲಿ ಕೊಂಡದ್ದು, ಐಎಸ್‌ಐ ಗುರುತೂ ಇಲ್ಲ, ಪೊಲೀಸರಿಗೆ ತೋರಿಸಲಷ್ಟೇ. ಎಷ್ಟು ವೇಗ, ಯಾವ ಸಂದಿಯಲ್ಲಿ ನುಗ್ಗಬೇಕು, ಯಾವಾಗ ಬ್ರೇಕು, ಎಲ್ಲ ನನ್ನ ತೀರ್ಮಾನ. ತಲೆ ಅವಳದು, ಇಷ್ಟ ನನ್ನದು! ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಓಡಿಸುವವರನ್ನೂ ಹಿಂದೆ ಕೂರುವವರನ್ನೂ ಒಟ್ಟಿಗೇ ಹೇಳುತ್ತದೆ. ನನ್ನ ವಾದದಲ್ಲಿ ಹಿಂದಿನ ಸೀಟೇ ಇರಲಿಲ್ಲ.

ಮರುದಿನ ಅವಳ ಅಳತೆಯ ಒಳ್ಳೆಯ ಹೆಲ್ಮೆಟ್ ತಂದೆವು. ಒಳಗಿನ ಥರ್ಮಾಕೋಲಿನಂಥ ಪದರ ಜಜ್ಜಿಹೋಗುತ್ತಾ ಪೆಟ್ಟು ತಡೆಯುತ್ತದೆ. ಒಮ್ಮೆ ಬಿದ್ದರೆ ಹೆಲ್ಮೆಟ್ ಬದಲಾಯಿಸಬೇಕು. ಜಾಕೆಟ್ ಅವಳ ಅಳತೆಗೆ ಸಿಗಲಿಲ್ಲ. ನನ್ನದನ್ನೇ ಹಾಕಿಕೊಂಡರೆ ಮೊಣಕೈ ಪ್ಯಾಡು ಮುಂಗೈಗೆ ಬರುತ್ತದೆ, ಅದು ಉಪಯೋಗಕ್ಕಿಲ್ಲ. ಆರ್ಡರ್ ಮಾಡಿದ್ದೇವೆ. ಬರುವವರೆಗೆ ಟ್ಯೂಷನ್‌ಗೆ ಆಟೋ.